ಕುಡಿತ ಬಿಡುವ ಪಾತ್ರ ಬರೆಯುವಾಗ ಸಿನಿಮಾಗಳು ಎಲ್ಲಿ ಎಡವುತ್ತವೆ?

ಎರಡನೇ_ಕರಡು ಕೇಳಿದ್ದು:

110 ನಿಮಿಷದ ಚಿತ್ರಕಥೆ. ನಾಯಕ ದಾವಣಗೆರೆಯ ಒಬ್ಬ ಟೈಲರ್, 41 ವರ್ಷ. ಹನ್ನೆರಡು ವರ್ಷದ ಕುಡಿತ, ಈಗ ದಿನಕ್ಕೆ ಎರಡು ಕ್ವಾರ್ಟರ್ ವಿಸ್ಕಿ, ಅದರಲ್ಲಿ ಮೊದಲ ನೈಂಟಿ ಬೆಳಿಗ್ಗೆಯೇ. ಈಗಿನ ಕರಡಿನಲ್ಲಿ ತಂಗಿಯ ಮದುವೆ ಮನೆಯಲ್ಲಿ ಅವನ ಮಾನ ಹೋಗುತ್ತದೆ. ಅದೇ ರಾತ್ರಿ "ಇನ್ನು ಮುಟ್ಟಲ್ಲ" ಅಂತ ಆಣೆ ಮಾಡುತ್ತಾನೆ. ಹೆಂಡತಿ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಾಳೆ. ನಾಲ್ಕು ನಿಮಿಷ ಒದ್ದಾಟ, ಒಂದು ಹಾಡು. ಹಾಡು ಮುಗಿಯುವಷ್ಟರಲ್ಲಿ ಗಡ್ಡ ತೆಗೆದು ಮಷಿನ್ ಮುಂದೆ ಕೂತಿರುತ್ತಾನೆ.

ಈ ಭಾಗ ಸುಳ್ಳು ಅನ್ನಿಸುತ್ತಿದೆ. ಎಲ್ಲೆಲ್ಲಿ ಸುಳ್ಳು ಅನ್ನುವುದು ತಿಳಿಯಬೇಕು. ಬಿಟ್ಟ ಮೇಲೆ ಯಾವ ಗಂಟೆಗೆ ಏನಾಗುತ್ತದೆ? ಮನೆಯಲ್ಲಿ ಕೂಡಿಹಾಕುವುದು ಆಗುವ ಮಾತೇ? ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ) ಸಭೆ ನಮ್ಮ ಊರುಗಳಲ್ಲಿ ಹೇಗೆ ನಡೆಯುತ್ತದೆ? ಈ ವಿಷಯವನ್ನು ಚೆನ್ನಾಗಿ ತೋರಿಸಿದ ಚಿತ್ರಗಳಿದ್ದರೆ ಅವುಗಳಲ್ಲಿ ಏನನ್ನು ಗಮನಿಸಬೇಕು ಅಂತಲೂ ಹೇಳಿ. ಉಪದೇಶದ ಸಿನಿಮಾ ಮಾಡುವ ಆಸೆಯಿಲ್ಲ. ಆದರೆ ನೋಡಿದ ಮನೆಯವರು ತಪ್ಪು ಕಲಿತು ಹೋಗಬಾರದು.

ವಾರ್ಡ್_ಡ್ಯೂಟಿ:

ಮೊದಲು ಅವನ ಲೆಕ್ಕ ನೋಡೋಣ. ನಮ್ಮಲ್ಲಿ ಸಿಗುವ ವಿಸ್ಕಿ 42.8%. 30 ಮಿಲಿಯಲ್ಲಿ ಹತ್ತು ಗ್ರಾಂನಷ್ಟು ಆಲ್ಕೋಹಾಲ್ ಇರುತ್ತದೆ, ಅದೇ ಒಂದು ಸ್ಟ್ಯಾಂಡರ್ಡ್ ಡ್ರಿಂಕ್. ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಆರು ಡ್ರಿಂಕ್. ನಿಮ್ಮ ಟೈಲರ್ ದಿನಕ್ಕೆ ಹನ್ನೆರಡು ಡ್ರಿಂಕ್ ಕುಡಿಯುತ್ತಿದ್ದಾನೆ. ಬೆಳಗಿನ ನೈಂಟಿ ಮೋಜಿಗಲ್ಲ. ರಾತ್ರಿಯ ಅಮಲು ಇಳಿದಾಗ ಶುರುವಾಗುವ ನಡುಕ ನಿಲ್ಲಲಿ ಅಂತ. ಆ ಒಂದು ವಿವರವೇ ಇವನ ದೇಹ ಪೂರ್ತಿ ಹೊಂದಿಕೊಂಡುಬಿಟ್ಟಿದೆ ಅಂತ ಹೇಳುತ್ತದೆ. ಇಂಥವನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಚಿಲಕ ಹಾಕುವ ದೃಶ್ಯದ ದೊಡ್ಡ ತಪ್ಪು ಅದು.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. ಆರರಿಂದ ಎಂಟು ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆ ಡವಡವ, ಸಣ್ಣ ಸದ್ದಿಗೂ ಬೆಚ್ಚುವುದು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಆರರಿಂದ 48 ಗಂಟೆಯ ನಡುವೆ, ಹೆಚ್ಚಾಗಿ ಮೊದಲ ದಿನದ ಆಸುಪಾಸು. ಕೆಲವರಿಗೆ 12ರಿಂದ 24 ಗಂಟೆಯ ಹೊತ್ತಿಗೆ ಯಾರೋ ಬೈದಂತೆ ಧ್ವನಿ ಕೇಳಿಸುತ್ತದೆ, ಏನೋ ಕಾಣಿಸುತ್ತದೆ. ಆದರೆ ತಾನೆಲ್ಲಿದ್ದೇನೆ, ಎದುರಿಗೆ ಯಾರಿದ್ದಾರೆ ಎಂಬ ಅರಿವು ಪೂರ್ತಿ ಇರುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಬೇರೆ. ವಾರ್ಡಿನಲ್ಲಿ ಡಿ.ಟಿ. ಅನ್ನುವ ಅದು ಬರುವುದು 48ರಿಂದ 96 ಗಂಟೆಗೆ. ಆಗ ಅರಿವೇ ಕದಡಿಹೋಗುತ್ತದೆ. ಹಗಲೋ ರಾತ್ರಿಯೋ ಗೊತ್ತಾಗಲ್ಲ, ಆಸ್ಪತ್ರೆಯನ್ನು ಬಾರ್ ಅಂದುಕೊಳ್ಳುತ್ತಾರೆ, ಜ್ವರ ಏರುತ್ತದೆ, ಬಿ.ಪಿ. ಏರುತ್ತದೆ. ಅದು ಎರಡು ದಿನದಿಂದ ಐದು ದಿನ ಇರಬಹುದು. ಸಿನಿಮಾಗಳು ಇವೆರಡನ್ನೂ ಒಂದೇ ರಾತ್ರಿಗೆ ತುರುಕಿ ಬೆಳಗಾಗುವಷ್ಟರಲ್ಲಿ ಮುಗಿಸಿಬಿಡುತ್ತವೆ.

ನಟರಿಗೆ ಒಂದು ಮಾತು. ಈ ನಡುಕ ಮೈಯೆಲ್ಲ ಕುಲುಕುವಂಥದ್ದಲ್ಲ. ಸಣ್ಣದು, ವೇಗದ್ದು. ಕೈ ಮುಂದೆ ಚಾಚಿ ಬೆರಳು ಅಗಲಿಸಿದಾಗ ಎದ್ದು ಕಾಣುತ್ತದೆ, ತೊಡೆಯ ಮೇಲಿಟ್ಟಾಗ ಕಡಿಮೆಯಾಗುತ್ತದೆ. ನಿಮ್ಮ ನಾಯಕ ಟೈಲರ್ ಆಗಿರುವುದರಿಂದ ಸೂಜಿಯ ಕಣ್ಣೇ ಸಾಕು.

ಇನ್ನೊಂದು ಸಂಗತಿ ಪರದೆಯ ಮೇಲೆ ಅಪರೂಪ. ಡಿ.ಟಿ.ಯಲ್ಲಿರುವವರು ತಮ್ಮ ಕಸುಬಿನ ಚಲನೆಗಳನ್ನೇ ಮಾಡುತ್ತಾರೆ. ಡ್ರೈವರ್ ಮಂಚದ ಮೇಲೆ ಕೂತು ಸ್ಟೀರಿಂಗ್ ತಿರುಗಿಸುತ್ತಾನೆ. ನಿಮ್ಮವನು ಇಲ್ಲದ ದಾರವನ್ನು ನಾಲಿಗೆಗೆ ತಾಕಿಸಿ ಹೊಸೆದು ಇಲ್ಲದ ಸೂಜಿಗೆ ಪೋಣಿಸುತ್ತಾನೆ, ಹೊದಿಕೆಯ ಅಂಚು ಹಿಡಿದು ಅಳತೆ ಹೇಳುತ್ತಾನೆ, ಕಾಲು ಪೆಡಲ್ ತುಳಿಯುತ್ತಿರುತ್ತದೆ. ಗೋಡೆ ಗುದ್ದುವ, ಕಿರುಚುವ ನಾಲ್ಕು ನಿಮಿಷಕ್ಕಿಂತ ಇದರ ನಲವತ್ತು ಸೆಕೆಂಡು ಸಾಕು ನೋಡುವವರ ಗಂಟಲು ಕಟ್ಟಲು.

ಫಿಟ್ಸ್ ತೋರಿಸಿದರೆ ದಯವಿಟ್ಟು ಕೈಗೆ ಬೀಗದ ಕೈ, ಕಬ್ಬಿಣ ಕೊಡಿಸಬೇಡಿ, ಬಾಯಿಗೆ ಚಮಚ ಇಡಿಸಬೇಡಿ. ಪಕ್ಕಕ್ಕೆ ಮಗ್ಗುಲಾಗಿಸುವುದು, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡುವುದು, ಗಡಿಯಾರ ನೋಡುವುದು. ಇವನ ಸ್ಥಿತಿಯಲ್ಲಿ ಫಿಟ್ಸ್ ಬಂತೆಂದರೆ ಆಮೇಲೆ ಎದ್ದು ಕೂತರೂ 108ಕ್ಕೆ ಕರೆ ಮಾಡಲೇಬೇಕು.

ಬಿಳಿಪರದೆ:

ಚಿತ್ರಗಳ ಬಗ್ಗೆ ನಾನು ಹೇಳುತ್ತೇನೆ. ಪಟ್ಟಿ ಉದ್ದ ಮಾಡಲ್ಲ. ಒಂದನ್ನು ನಿಧಾನಕ್ಕೆ ನೋಡಿ ಅಂತ ಕೇಳಿಕೊಳ್ಳುತ್ತೇನೆ: 1962ರ 'ಡೇಸ್ ಆಫ್ ವೈನ್ ಅಂಡ್ ರೋಸಸ್'. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶನ, ಜ್ಯಾಕ್ ಲೆಮನ್, ಲೀ ರೆಮಿಕ್. ಗಂಡ ಕುಡಿಯುವವನು, ಹೆಂಡತಿಗೆ ಮೊದಲು ಹೆಂಡದ ರುಚಿಯೇ ಗೊತ್ತಿಲ್ಲ. ಅವಳಿಗೆ ಚಾಕೊಲೇಟ್ ಇಷ್ಟ ಅಂತ ಚಾಕೊಲೇಟ್ ರುಚಿಯ ಕಾಕ್‌ಟೇಲ್‌ನಿಂದ ಅವನೇ ಶುರು ಮಾಡಿಸುತ್ತಾನೆ. ಮುಂದೆ ಇಬ್ಬರೂ ಬಿಟ್ಟು ಅವಳ ಅಪ್ಪನ ನರ್ಸರಿಯಲ್ಲಿ ದುಡಿಯುತ್ತಿರುತ್ತಾರೆ. ಬದುಕು ಸರಿಹೋಯಿತು ಅಂದುಕೊಳ್ಳುವಾಗಲೇ ಮತ್ತೆ ಬೀಳುತ್ತಾರೆ. ಗಾಜಿನ ಮನೆಯೊಳಗೆ ತಾನೇ ಬಚ್ಚಿಟ್ಟ ಬಾಟಲಿ ಯಾವ ಕುಂಡದಲ್ಲಿದೆ ಅಂತ ನೆನಪಾಗದೆ ಒಂದೊಂದೇ ಕುಂಡ ಒಡೆಯುತ್ತಾನಲ್ಲ, ಆ ದೃಶ್ಯದಲ್ಲಿ ಚಟದ ಬಗ್ಗೆ ಒಂದು ಮಾತೂ ಇಲ್ಲ, ಎಲ್ಲ ಕೈಯಲ್ಲೇ ಇದೆ. ಕೊನೆಗೆ ಅವನು ನಿಂತುಕೊಳ್ಳುತ್ತಾನೆ, ಅವಳು ಬರಲ್ಲ. ಅವಳ ಮೇಲಿನ ಪ್ರೀತಿ ಕಡಿಮೆಯಾಗಿರುವುದಿಲ್ಲ, ಆದರೂ ಹಿಂದೆ ಓಡಿಹೋಗಲ್ಲ. ಅವನು ಕಿಟಕಿಯಲ್ಲಿ ನಿಂತಿರುವಾಗ ಗಾಜಿನ ಮೇಲೆ ಬಾರಿನ ದೀಪದ ಬೋರ್ಡು ಹೊತ್ತಿ ಆರುತ್ತಿರುತ್ತದೆ. ಮಟ್ಟಸವಾದ ಸುಖಾಂತ್ಯ ಕೊಡದೆಯೂ ಭರವಸೆ ಕೊಡುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಬಿಲ್ಲಿ ವೈಲ್ಡರ್‌ನ 1945ರ 'ದಿ ಲಾಸ್ಟ್ ವೀಕೆಂಡ್' ಅನ್ನು ಎಲ್ಲರೂ ಹೊಗಳುತ್ತಾರೆ, ಮೊದಲ ಮುಕ್ಕಾಲು ಭಾಗಕ್ಕೆ ಹೊಗಳಿಕೆ ಸಲ್ಲಲೇಬೇಕು. ಹಬ್ಬದ ದಿನ ಸಾಲದಂಗಡಿಗಳೆಲ್ಲ ಮುಚ್ಚಿರುವಾಗ ಕುಡುಕ ಬರಹಗಾರನಾದ ನಾಯಕ ಟೈಪ್‌ರೈಟರ್ ಅಡವಿಡಲು ಬೀದಿ ಬೀದಿ ಅಲೆಯುವುದು, ಚಾವಣಿಯ ದೀಪದ ಬಟ್ಟಲೊಳಗೆ ಬಾಟಲಿ ಬಚ್ಚಿಡುವುದು ನಿಜಕ್ಕೆ ಹತ್ತಿರ. ಗೋಡೆಯ ಬಿರುಕಿನ ಇಲಿ, ಅದರ ಮೇಲೆರಗುವ ಬಾವಲಿ ಕೂಡ ಸರಿಯೇ, ಸಣ್ಣ ಪ್ರಾಣಿಗಳು ಕಾಣಿಸುವುದುಂಟು. ಕೆಟ್ಟದ್ದು ಕೊನೆಯಲ್ಲಿ. ಅಷ್ಟು ಭೀಕರ ರಾತ್ರಿಯಾದ ಮೇಲೆ ಮರುದಿನವೇ ಪ್ರೇಯಸಿಯ ಮಾತಿಗೆ ಮನಸ್ಸು ತಿರುಗಿ, ಗ್ಲಾಸಿಗೆ ಸಿಗರೇಟ್ ಹಾಕಿ, ಕಾದಂಬರಿ ಬರೆಯಲು ಕೂರುತ್ತಾನೆ. ಮೇಲೆ ವಾರ್ಡ್_ಡ್ಯೂಟಿ ಹೇಳಿದ ಗಂಟೆಗಳ ಲೆಕ್ಕಕ್ಕೆ ಇದು ಹೊಂದುವುದೇ ಇಲ್ಲ. ಚಾರ್ಲ್ಸ್ ಜಾಕ್ಸನ್ನರ ಮೂಲ ಕಾದಂಬರಿಯಲ್ಲಿ ಇಂಥ ಬಿಡುಗಡೆ ಇಲ್ಲ, ಅಲ್ಲಿ ಮುಂದಿನ ಕುಡಿತಕ್ಕೆ ತಯಾರಿಯೇ ನಡೆಯುತ್ತದೆ. ನಿಮ್ಮ ಗಡ್ಡ ಬೋಳಿಸಿದ ಶಾಟ್ ಈ ತಪ್ಪಿನದೇ ಸಂತಾನ.

ಕೋಣೆಯಲ್ಲಿ ಕೂಡಿಹಾಕುವ ದೃಶ್ಯ ಎಲ್ಲಿಂದ ಬಂತು ಅಂತ ಹುಡುಕಿದರೆ ಹೆರಾಯಿನ್ ಚಿತ್ರಗಳಿಗೆ ಹೋಗಿ ಮುಟ್ಟುತ್ತೀರಿ. 1955ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್'ನಲ್ಲಿ ಸಿನಾತ್ರಾ, 1996ರ 'ಟ್ರೇನ್‌ಸ್ಪಾಟಿಂಗ್'ನಲ್ಲಿ ಅಪ್ಪ ಅಮ್ಮ ಮಗನನ್ನು ಅವನ ಹಳೇ ಕೋಣೆಗೆ ಹಾಕುವುದು. ಹೆರಾಯಿನ್ ಬಿಟ್ಟಾಗಿನ ನರಳಾಟ ಘೋರವಾದರೂ ಗಟ್ಟಿಮುಟ್ಟಾದ ವಯಸ್ಕನ ಪ್ರಾಣ ಹೋಗುವುದು ಅಪರೂಪ. ಕುಡಿತಕ್ಕೆ ಆ ಮಾತು ಅನ್ವಯಿಸಲ್ಲ. ಒಂದರ ದೃಶ್ಯವನ್ನು ಇನ್ನೊಂದಕ್ಕೆ ತಂದು ಅಂಟಿಸಿದ್ದೇ ತಪ್ಪು.

ಹೆರಾಯಿನ್ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 2000ದ 'ರಿಕ್ವಿಯಂ ಫಾರ್ ಎ ಡ್ರೀಮ್'ನಲ್ಲಿ ಚುಚ್ಚಿಕೊಂಡ ಮರುಕ್ಷಣ ಕಣ್ಣಿನ ಪಾಪೆ ಅಗಲವಾಗುವ ಕ್ಲೋಸಪ್ ಇದೆ, ಬಹಳ ಜನ ನಕಲು ಮಾಡಿದ್ದಾರೆ. ನಿಜದಲ್ಲಿ ಹೆರಾಯಿನ್ ಏರಿದಾಗ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಅಗಲವಾಗುವುದು ಹೆರಾಯಿನ್ ಬಿಟ್ಟಾಗ, ಆಕಳಿಕೆ, ಸೋರುವ ಮೂಗು, ರೋಮಾಂಚನದ ಜೊತೆಗೆ. 'ಪಲ್ಪ್ ಫಿಕ್ಷನ್'ನಲ್ಲಿ ಎದೆಗೆ ಅಡ್ರಿನಲಿನ್ ಸೂಜಿ ಚುಚ್ಚುವುದೂ ಅಂಥದ್ದೇ. ಹೆರಾಯಿನ್ ಅತಿಯಾಗಿ ಉಸಿರು ನಿಲ್ಲುತ್ತಿದ್ದರೆ ಕೊಡುವ ಔಷಧಿ ನಲಾಕ್ಸೋನ್, ಅದೂ ಎದೆಗೂಡಿಗೆ ಅಲ್ಲ.

ನಮ್ಮಲ್ಲಿನ ಕಷ್ಟ ಬೇರೆ. 1930ರ ದಶಕದಿಂದ ದೇವದಾಸನನ್ನು ಮತ್ತೆ ಮತ್ತೆ ತೆರೆಗೆ ತಂದು, ಕುಡಿತವೆಂದರೆ ಪ್ರೇಮಭಂಗದ ಫಲ ಅನ್ನುವ ಸೂತ್ರ ಗಟ್ಟಿಯಾಗಿದೆ. ನಿಮ್ಮ ಟೈಲರ್‌ಗೆ ಅಂಥ ಒಂದೇ ಕಾರಣ ಕೊಟ್ಟಿಲ್ಲ, ಅದು ಒಳ್ಳೆಯದು. ಕೊಡಲೂಬೇಡಿ.

ಎರಡನೇ_ಕರಡು:

ಚಿಲಕದ ದೃಶ್ಯ ಹೋಯಿತು. ಹಾಗಾದರೆ ಹೆಂಡತಿ ಏನು ಮಾಡಬಹುದು? ಅವನು ಬರಲ್ಲ ಅಂದರೆ ಎತ್ತಿ ಹಾಕಿಕೊಂಡು ಹೋಗಿ ಕೇಂದ್ರಕ್ಕೆ ಸೇರಿಸಬಹುದೇ? ಊಟದಲ್ಲಿ ಮಾತ್ರೆ ಬೆರೆಸುವ ಒಂದು ದೃಶ್ಯವೂ ಯೋಚನೆಯಲ್ಲಿದೆ.

ವಾರ್ಡ್_ಡ್ಯೂಟಿ:

ಮಾತ್ರೆ ಬೆರೆಸುವ ದೃಶ್ಯ ಬರೆಯುವುದಾದರೆ ಅದರ ಪರಿಣಾಮವನ್ನೂ ಬರೆಯಿರಿ, ಇಲ್ಲವಾದರೆ ಕೈಬಿಡಿ. ಆ ಮಾತ್ರೆ ಡೈಸಲ್ಫಿರಾಂ, ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ. ಅದು ಕುಡಿಯುವ ಆಸೆಯನ್ನು ಕಡಿಮೆ ಮಾಡಲ್ಲ. ಆಲ್ಕೋಹಾಲ್ ದೇಹದಲ್ಲಿ ಒಡೆಯುವ ದಾರಿಯ ನಡುವೆ ಅಡ್ಡ ನಿಲ್ಲುತ್ತದೆ, ಅಸಿಟಾಲ್ಡಿಹೈಡ್ ಶೇಖರವಾಗುತ್ತದೆ. ಕುಡಿದ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿ, ಎದೆಬಡಿತ, ಬಿ.ಪಿ. ಕುಸಿತ. ಹೃದಯದ ತೊಂದರೆ ಇದ್ದರೆ ಸಾಯಬಹುದು. ಕೊನೆಯ ಗುಟುಕಾಗಿ ಕನಿಷ್ಠ 12 ಗಂಟೆ ಕಳೆಯದೆ ಕೊಡುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯುತ್ತದೆ. ಅವನಿಗೆ ಎಲ್ಲ ತಿಳಿಸಿ, ಅವನು ಒಪ್ಪಿ, ಹೆಂಡತಿಯ ಎದುರು ತಾನೇ ನುಂಗಿದರೆ ಮಾತ್ರ ಅದು ಚಿಕಿತ್ಸೆ. ಸಾರಿನಲ್ಲಿ ಕದಡಿ ಕೊಟ್ಟರೆ ವಿಷವಿಕ್ಕಿದಂತೆ. "ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸುವ ಪುಡಿ" ಅಂತ ಗೋಡೆ ಬರಹ ನೋಡಿ ನಂಬುವ ಮನೆಗಳು ಇವತ್ತಿಗೂ ಇವೆ. ನಿಮ್ಮ ಚಿತ್ರ ಆ ನಂಬಿಕೆಗೆ ನೀರೆರೆಯಬಾರದು.

ಎತ್ತಿಕೊಂಡು ಹೋಗುವ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರುತ್ತವೆ. ಅವನಾಗಿ ಬಂದರೆ ಸ್ವತಂತ್ರ ದಾಖಲಾತಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ, ತನಗೋ ಬೇರೆಯವರಿಗೋ ಅಪಾಯ ಮಾಡುವಂತಿದ್ದಾನೆ ಅಥವಾ ತನ್ನನ್ನು ನೋಡಿಕೊಳ್ಳಲಾರ ಅಂದಾಗ 89ನೇ ಕಲಮು. ನಾಮನಿರ್ದೇಶಿತ ಪ್ರತಿನಿಧಿ, ಇಲ್ಲಿ ಹೆಂಡತಿ, ಅರ್ಜಿ ಕೊಡಬೇಕು. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಗರಿಷ್ಠ 30 ದಿನ. ಏಳು ದಿನದೊಳಗೆ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು, ಹೆಣ್ಣುಮಕ್ಕಳಾದರೆ ಮೂರು ದಿನ. ಸರಪಳಿ ಹಾಕುವುದನ್ನು, ಅರಿವಳಿಕೆಯಿಲ್ಲದೆ ಶಾಕ್ ಕೊಡುವುದನ್ನು 95ನೇ ಕಲಮು ನಿಷೇಧಿಸಿದೆ. ಹಾಗಾಗಿ ಹಳೇ ಸಿನಿಮಾದ ಕಬ್ಬಿಣದ ಬಾಗಿಲಿನ ಕೇಂದ್ರ, ಕೋಲು ಹಿಡಿದ ವಾರ್ಡನ್ ಬೇಕೆಂದರೆ ಅದನ್ನು ಕಾನೂನುಬಾಹಿರ ಜಾಗ ಅಂತಲೇ ತೋರಿಸಬೇಕು.

ಸರಿಯಾದ ವಾರ್ಡಿನಲ್ಲಿ ನಡೆಯುವುದು ನೋಡಲು ಸಪ್ಪೆ. ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಮೊದಲ ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸಿ ಒಂದು ವಾರದ ಸುಮಾರಿಗೆ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಅದರ ಬದಲು ಲೊರಾಜೆಪಾಂ. ನರ್ಸ್ ಕೆಲವು ಗಂಟೆಗೊಮ್ಮೆ ಬಂದು ಕೈ ಚಾಚಿಸಿ ನಡುಕ ನೋಡುತ್ತಾರೆ, ಅಂಗೈ ಬೆವರು ನೋಡುತ್ತಾರೆ, ಇವತ್ತು ಯಾವ ವಾರ ಅಂತ ಕೇಳುತ್ತಾರೆ. ಹತ್ತು ಅಂಶಗಳಿಗೆ ಅಂಕ ಹಾಕುತ್ತಾರೆ, ಒಟ್ಟು 67ಕ್ಕೆ. ಆ ಅಂಕ ಏರುವುದು, ಇಳಿಯುವುದೇ ನಿಮ್ಮ ಸಸ್ಪೆನ್ಸ್. "ಯಾವ ವಾರ?" ಅಂತ ಮೂರು ಸಲ ಕೇಳಿಸಿ, ಮೂರು ಉತ್ತರ ಬರೆಯಿರಿ. ಹಿನ್ನೆಲೆ ಸಂಗೀತವೇ ಬೇಡ.

ಬುಧವಾರ_ಏಳೂವರೆ:

ಸಭೆಗಳ ಬಗ್ಗೆ ಕೇಳಿದ್ದೀರಿ. ಎ.ಎ. ಶುರುವಾದದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ. ಕನ್ನಡದಲ್ಲಿ ನಡೆಯುವ ಸಭೆಯೂ ಅದೇ ಚೌಕಟ್ಟಿನದು. ಶಾಲೆಯದೋ ಚರ್ಚಿನದೋ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹನ್ನೆರಡು ಹೆಜ್ಜೆಗಳ ಪಟ. ಒಬ್ಬರು ಪೀಠಿಕೆ ಓದುತ್ತಾರೆ. ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಕುಡುಕ ಅಂತ ಹೇಳಿ ಮಾತು ಶುರು ಮಾಡುತ್ತಾರೆ. ಸಿನಿಮಾಗಳು ಇಲ್ಲಿ ಎರಡು ತಪ್ಪು ಮಾಡುತ್ತವೆ. ಒಂದು, ಮಧ್ಯೆ ಒಬ್ಬ ಡಾಕ್ಟರನ್ನೋ ಕೌನ್ಸೆಲರನ್ನೋ ಕೂರಿಸಿ ಪ್ರಶ್ನೆ ಕೇಳಿಸುತ್ತವೆ. ಅಲ್ಲಿ ಅಂಥ ಯಾರೂ ಇರಲ್ಲ, ನಡೆಸುವವರೂ ಸದಸ್ಯರೇ. ಎರಡು, ಒಬ್ಬರು ಹೇಳಿಕೊಂಡಾಗ ಇನ್ನೊಬ್ಬರು ಎದ್ದು ಬುದ್ಧಿ ಹೇಳುತ್ತಾರೆ. ಹಾಗೆ ಮಾಡುವುದಿಲ್ಲ. ಹೇಳಿ ಮುಗಿಸಿದ ಮೇಲೆ ಮೌನ, ಆಮೇಲೆ ಮುಂದಿನವರ ಸರದಿ. ಆ ಮೌನವನ್ನು ಕತ್ತರಿಸದೆ ಉಳಿಸಿಕೊಳ್ಳಿ. ಸೇರಲು ಶುಲ್ಕವಿಲ್ಲ, ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಬುದ್ಧಿ ಬೇಕಿದ್ದರೆ ಅದಕ್ಕೆ ಸ್ಪಾನ್ಸರ್ ಇದ್ದಾರೆ, ಮುಂಚೆ ಬಿಟ್ಟ ಹಿರಿಯ ಸದಸ್ಯರು, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವವರು.

ಎ.ಎ. ಗುಂಪುಗಳು ಪಾಲಿಸುವ ಹನ್ನೆರಡು ಸಂಪ್ರದಾಯಗಳಿವೆ, ಅಂದರೆ ನಿಯಮಗಳು. ಚಿತ್ರತಂಡಕ್ಕೆ ಮುಖ್ಯವಾದದ್ದು ಹನ್ನೊಂದನೇ ಸಂಪ್ರದಾಯ. ಪತ್ರಿಕೆ, ರೇಡಿಯೊ, ಸಿನಿಮಾ ಮಟ್ಟದಲ್ಲಿ ಸದಸ್ಯರು ಅನಾಮಿಕರಾಗಿಯೇ ಇರಬೇಕು ಅಂತ ಅದರಲ್ಲಿ ಸಿನಿಮಾ ಅನ್ನುವ ಮಾತೇ ಇದೆ. ಯಾರಾದರೂ ನೆರವಾದರೆ ಟೈಟಲ್ ಕಾರ್ಡಿನಲ್ಲಿ ಎ.ಎ. ಸದಸ್ಯರೆಂದು ಅವರ ಹೆಸರು ಹಾಕಬೇಡಿ. ಸಭೆಯೊಳಗೆ ಕ್ಯಾಮೆರಾ ಕೇಳಲೂಬೇಡಿ. ಹೊರಗಿನವರು ಬರಬಹುದಾದ ತೆರೆದ ಸಭೆಗಳಿವೆ, ಕೇಳಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬನ್ನಿ.

ಕಥೆ ದಾವಣಗೆರೆ ಕಡೆಯದಾದರೆ ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರವನ್ನೂ ಯೋಚಿಸಿ. ಕಲ್ಯಾಣ ಮಂಟಪದಂಥ ಜಾಗದಲ್ಲಿ ಎಂಟು ದಿನ, ಊರಿನವರದೇ ವ್ಯವಸ್ಥಾಪನಾ ಸಮಿತಿ, ಭಜನೆ, ಯೋಗ, ಗುಂಪು ಸಲಹೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಊರಿನಲ್ಲೇ ಸೇರುತ್ತಾರೆ. ಕನ್ನಡ ಸಿನಿಮಾ ಇದನ್ನು ಸರಿಯಾಗಿ ಬಳಸಿಕೊಂಡೇ ಇಲ್ಲ ಅನ್ನುವುದು ನನ್ನ ಬೇಸರ. ಕಳೆದ ವಾರ ಒಬ್ಬರನ್ನೊಬ್ಬರು ಬಾರಿನಲ್ಲಿ ನೋಡಿದ್ದವರು ಇಲ್ಲಿ ಪಕ್ಕಪಕ್ಕ ಎಲೆ ಮುಂದೆ ಕೂತಿರುವ ದೃಶ್ಯ ಒಂದೇ ಸಾಕಲ್ಲವೇ.

ಮತ್ತೆ ಬೀಳುವುದನ್ನು ತೋರಿಸಲೇಬೇಕು, ಅದೂ ದುಃಖದ ದಿನವಲ್ಲ. ಬೀಳುವುದು ಗ್ಲಾಸು ಎತ್ತಿದಾಗ ಅಲ್ಲ, ಅದಕ್ಕೂ ವಾರ ಮುಂಚೆ ಸಣ್ಣ ಸಣ್ಣ ತೀರ್ಮಾನಗಳಲ್ಲಿ. ಸಭೆ ಒಂದು ತಪ್ಪುತ್ತದೆ. ಬಟ್ಟೆ ಡೆಲಿವರಿಗೆ ರಾತ್ರಿಯಿಡೀ ಕೆಲಸ, ಊಟ ಬಿಟ್ಟಿರುತ್ತಾನೆ. ಗುಂಡಿ, ಝಿಪ್ ತರಲು ಹತ್ತಿರದ ಅಂಗಡಿ ಬಿಟ್ಟು ಹಳೇ ಬಾರ್ ಪಕ್ಕದ ಅಂಗಡಿಗೇ ಹೋಗುತ್ತಾನೆ, ಅಲ್ಲಿ ಅಗ್ಗ ಅಂತ. ಜೇಬಿನಲ್ಲಿ ಅಡ್ವಾನ್ಸ್ ದುಡ್ಡಿದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಮೂರು ಸೇರಿಬಿಟ್ಟವು. ಒಂದು ಗುಟುಕಾದ ಮೇಲೆ "ಹೇಗೂ ಹೋಯಿತಲ್ಲ" ಅನ್ನುವ ಯೋಚನೆ ಎರಡನೇ ಕ್ವಾರ್ಟರಿಗೆ ಕರೆದುಕೊಂಡು ಹೋಗುತ್ತದೆ. ತಡೆದ ದೃಶ್ಯವೂ ಬೇಕಾದರೆ, ಆಸೆಯ ಅಲೆ ಏರಿ ಇಳಿಯಲು ಹದಿನೈದರಿಂದ ಮೂವತ್ತು ನಿಮಿಷ ಸಾಕು ಅನ್ನುವುದನ್ನು ಬಳಸಿ. ಅಷ್ಟು ಹೊತ್ತು ಅವನು ಫೋನಿನಲ್ಲಿ ಸ್ಪಾನ್ಸರ್ ಜೊತೆ ಕ್ರಿಕೆಟ್ ಮಾತಾಡಿದರೂ ಸರಿ.

ಬಿಳಿಪರದೆ:

ಚಿತ್ರೀಕರಣದ ಕೆಲವು ವಿಷಯ ಸೇರಿಸುತ್ತೇನೆ. ಇವನಂಥವನ ಕೈಯಲ್ಲಿ ಗಾಜಿನ ಬಾಟಲಿಗಿಂತ 90 ಮಿಲಿಯ ಟೆಟ್ರಾ ಪ್ಯಾಕ್ ಹೆಚ್ಚು ನಿಜ. ಮೂಲೆ ಹಲ್ಲಲ್ಲಿ ಕಚ್ಚಿ, ನೀರಿನ ಪಾಕೆಟ್ ಜೊತೆ, ನಿಂತೇ ಮುಗಿಸುತ್ತಾರೆ. ದಿನಕ್ಕೆ ಅಂಥವು ನಾಲ್ಕು. ಖಾಲಿ ಪ್ಯಾಕು ಮಷಿನ್ನಿನ ಡ್ರಾಯರ್‌ನಲ್ಲಿ, ಬಟ್ಟೆ ಚೂರುಗಳ ಚೀಲದಲ್ಲಿ ಸಿಗಲಿ. ಗ್ಲಾಸಿನ ವಿಸ್ಕಿಗೆ ಹಾಲಿಲ್ಲದ ಟೀ ಡಿಕಾಕ್ಷನ್ ಆರಿಸಿ, ಸೋಸಿ, ನೀರು ಬೆರೆಸಿ ಬಣ್ಣಕ್ಕೆ ತನ್ನಿ. ಬಿಸಿಯಿದ್ದಾಗಲೇ ಫ್ರಿಜ್ಜಿನಲ್ಲಿಟ್ಟರೆ ಮಬ್ಬಾಗುತ್ತದೆ, ಕ್ಲೋಸಪ್ಪಿನಲ್ಲಿ ಗೊತ್ತಾಗಿಬಿಡುತ್ತದೆ. ಬೆವರಿಗೆ ಗ್ಲಿಸರಿನ್ ಮತ್ತು ನೀರು ಸಮಸಮ, ಸ್ಪ್ರೇ ಬಾಟಲಿಯಲ್ಲಿ. ಹಣೆ, ಮೇಲ್ದುಟಿ, ಕತ್ತಿಗೆ ಸಾಕು, ಅಂಗಿ ತೊಯ್ಯುವಷ್ಟು ಬೇಡ. ನಡುಕಕ್ಕೆ ನಟ ಅಭಿನಯಿಸುವ ಬದಲು ಟೇಕ್‌ಗೆ ಮುಂಚೆ ಎರಡು ನಿಮಿಷ ಇಸ್ತ್ರಿಪೆಟ್ಟಿಗೆಯನ್ನು ಕೈ ಚಾಚಿ ಹಿಡಿದಿರಲಿ, ಸ್ನಾಯು ದಣಿದು ತಾನೇ ಸಣ್ಣಗೆ ನಡುಗುತ್ತದೆ.

ಎಚ್ಚರಿಕೆಯ ಅಕ್ಷರಗಳು ಪರದೆಯ ಕೆಳಭಾಗದಲ್ಲಿ ಬರುತ್ತವೆ. ಸೂಜಿ ಪೋಣಿಸುವ ಕ್ಲೋಸಪ್ಪಿನ ಚೌಕಟ್ಟಿನಲ್ಲಿ ಕೈ ಕೆಳಗಿದ್ದರೆ ಅಕ್ಷರ ಅದರ ಮೇಲೆಯೇ ಕೂರುತ್ತದೆ. ಆ ಶಾಟಿನಲ್ಲಿ ಪ್ಯಾಕು, ಸಿಗರೇಟು ಎರಡನ್ನೂ ಹೊರಗಿಟ್ಟರೆ ಪರದೆ ಪೂರ್ತಿ ನಿಮ್ಮದು. ಸಿಗರೇಟು ಚಿತ್ರದಲ್ಲಿ ಎಲ್ಲಿದ್ದರೂ ಶುರುವಿನಲ್ಲಿ, ಮಧ್ಯಂತರದಲ್ಲಿ ತಲಾ 30 ಸೆಕೆಂಡಿನ ಸಂದೇಶ ಹಾಕಲೇಬೇಕು, ಅದನ್ನು ಮರೆತು ಅವಧಿ ಲೆಕ್ಕ ಹಾಕಬೇಡಿ.

ಎರಡನೇ_ಕರಡು:

ಎಲ್ಲರಿಗೂ ಕೃತಜ್ಞತೆ. ಪುಟಗಳನ್ನು ಹೀಗೆ ಹಂಚುತ್ತಿದ್ದೇನೆ: ಮದುವೆ ಮನೆ 30ನೇ ನಿಮಿಷಕ್ಕೇ ಬರುತ್ತದೆ. ಮೊದಲ ದಿನದ ಫಿಟ್ಸ್, 108, ವಾರ್ಡು ಎಲ್ಲ ಸೇರಿ ಹನ್ನೆರಡು ನಿಮಿಷ. ಉಳಿದ ಒಂದು ಗಂಟೆಗೂ ಮಿಕ್ಕ ಹೊತ್ತು ಆಸ್ಪತ್ರೆಯಿಂದ ಬಂದ ಮೇಲಿನದು, ಬಟನ್ ಅಂಗಡಿಯ ದಾರಿಯೂ ಸೇರಿ. ಹಾಡು ತೆಗೆದೆ. ಆಸ್ಪತ್ರೆಗೆ ಬಂದ ತಕ್ಷಣ ಗ್ಲೂಕೋಸ್ ಬಾಟಲಿ ಏರಿಸುವ ಶಾಟ್ ಇಟ್ಟುಕೊಂಡಿದ್ದೇನೆ, ಅದು ಸರಿಯೇ?

ವಾರ್ಡ್_ಡ್ಯೂಟಿ:

ಅದೊಂದು ತಿದ್ದಿ. ವರ್ಷಗಟ್ಟಲೆ ಕುಡಿದವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಇರುವ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಸರಿಯಾಗಿ ಚಲಿಸಲ್ಲ, ನಡಿಗೆ ತೂರಾಡುತ್ತದೆ, ಗೊಂದಲ. ನೆನಪು ಶಾಶ್ವತವಾಗಿ ಹೋಗುವುದೂ ಉಂಟು. ನರ್ಸ್ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಲಿ, ಬಾಟಲಿ ಆಮೇಲೆ. ಒಂದು ಆಂಪೂಲ್ ಒಡೆಯುವ ಸದ್ದು, ಮೂರು ಸೆಕೆಂಡಿನ ಶಾಟ್.